ಒಣಹುಲ್ಲಿನ ಬಣ್ಣ

ಫೆಬ್ರವರಿ 4

ಬಣ್ಣದ ಅತ್ತಿಗೆಗೆ,

ತಲುಪಿದೆ. ನಾನು ಬೇಡ ಬೇಡ ಎಂದು ತೆಗೆದಿಟ್ಟರೂ ನೀವು ಚೀಲದ ತಳಕ್ಕೆ ತುರುಕಿದ ದಪ್ಪ ಶಾಲೂ ತಲುಪಿದೆ. ಬೆಳಗಿನ ಚಳಿಗೆ ಅದನ್ನೇ ಹೊದ್ದು ಕೂತು ಬರೆಯುತ್ತಿದ್ದೇನೆ. ಅಣ್ಣನಿಗೆ ಹೇಳಬೇಡಿ, ಹಲ್ಲು ಕಿರಿಯುತ್ತಾನೆ.

ಇಲ್ಲಿ ಫೋನು ಹಿಡಿಯುವುದಿಲ್ಲ. ವಾರಕ್ಕೊಮ್ಮೆ ದಿನಸಿ ತರುವ ವ್ಯಾನೇ ಅಂಚೆಯನ್ನೂ ತರುತ್ತದೆ. ಹಾಗಾಗಿ ನೀವು ನನಗೆ ಕಾಗದ ಬರೆಯಲೇಬೇಕು, ಬೇರೆ ದಾರಿಯಿಲ್ಲ. ನನಗೆ ಕೊಟ್ಟಿರುವುದು ತಗಡಿನ ಮಾಡಿನ ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಮಿಡತೆಗಳು. ನಿಜ ಹೇಳಬೇಕೆಂದರೆ ಅವುಗಳ ಕೋಣೆಯೇ ಚೆನ್ನಾಗಿದೆ.

ಈಗ ಕೆಲಸದ ಮಾತು. ಬಾಗಿಲು ತೆರೆದರೆ ಒಂದು ಕಾಲುದಾರಿ. ಅದರ ಈ ಕಡೆ ಒಣಹುಲ್ಲಿನ ಬಯಲು. ಆ ಕಡೆ ಹೋದ ವರ್ಷ ಬೆಂಕಿ ಬಿದ್ದು ನೆಲವೆಲ್ಲ ಕರ್ರಗಾಗಿದೆ. ಎರಡೂ ಕಡೆ ಇರುವುದು ಒಂದೇ ಜಾತಿಯ ಮಿಡತೆ, ನಿಮ್ಮ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಈ ಕಡೆ ಹೆಚ್ಚಿನವು ಹುಲ್ಲಿನ ಬಣ್ಣದವು. ಆ ಕಡೆ ಹೆಚ್ಚಿನವು ಕಪ್ಪು. ಬೆಂಕಿಗೆ ಮುಂಚೆ ಆ ಕಡೆಯೂ ಕಪ್ಪು ಅಪರೂಪವಾಗಿತ್ತಂತೆ. ಹಕ್ಕಿಗಳೇ ಇದಕ್ಕೆ ಕಾರಣ ಎಂದು ನಮ್ಮ ಗುರುಗಳು ಹೇಳುತ್ತಾರೆ. ಅದನ್ನು ಸಾಧಿಸಿ ತೋರಿಸುವುದು ನನ್ನ ಕೆಲಸ.

ಹೇಗೆ ಎಂದರೆ, ಕಪ್ಪು ಮಿಡತೆಗೆ ಹುಲ್ಲಿನ ಬಣ್ಣ ಬಳಿದು, ಹುಲ್ಲಿನ ಬಣ್ಣದ್ದಕ್ಕೆ ಕಪ್ಪು ಬಳಿದು ಎರಡೂ ಕಡೆ ಬಿಡುವುದು. ಬಣ್ಣ ಬಳಿದದ್ದರಿಂದಲೇ ಸತ್ತವು ಎಂದು ಯಾರೂ ತಕರಾರು ತೆಗೆಯಬಾರದಲ್ಲ, ಅದಕ್ಕೆ ಕೆಲವಕ್ಕೆ ಅವುಗಳದೇ ಬಣ್ಣವನ್ನು ಬಳಿಯಬೇಕು. ಹುಲ್ಲಿನ ಬಣ್ಣದ್ದಕ್ಕೆ ಹುಲ್ಲಿನ ಬಣ್ಣ. ಅದು ಬಳಿಯದೆ ಬಿಟ್ಟ ಮಿಡತೆಯಷ್ಟೇ ಬದುಕಿದರೆ ನನ್ನ ಲೆಕ್ಕ ಗಟ್ಟಿ. ಎಲ್ಲ ಅದರ ಮೇಲೆಯೇ ನಿಂತಿದೆ.

ಅಂಥ ಬಣ್ಣ ಬೆರೆಸುವವರು ನನಗೆ ಗೊತ್ತಿರುವುದು ಒಬ್ಬರೇ. ಒಡೆದ ಹೆಂಚಿನ ಚೂರು ತಂದುಕೊಟ್ಟರೆ ಇಡೀ ಗೋಡೆಗೆ ಅದೇ ಬಣ್ಣ ಹೊಂದಿಸಿ ಕೊಡುವ ನಮ್ಮ ಅತ್ತಿಗೆ. ನೀರಲ್ಲಿ ಕದಡುವ, ವಾಸನೆಯಿಲ್ಲದ, ಒಣಗಿದ ಮೇಲೆ ಹೊಳೆಯದ ಬಣ್ಣ ಬೇಕು. ಡಬ್ಬಿಯಲ್ಲಿ ತಾವಾಗಿಯೇ ಸತ್ತ ಎರಡು ಮಿಡತೆ ಇಟ್ಟಿದ್ದೇನೆ, ಒಂದೊಂದು ಬಣ್ಣದ್ದು. ಊಟದ ಹೊತ್ತಿನಲ್ಲಿ ತೆರೆಯಬೇಡಿ.

ನಿಮ್ಮ ಹುಳದಮ್ಮ

ಫೆಬ್ರವರಿ 15

ಹುಳದಮ್ಮನಿಗೆ,

ಊಟದ ಹೊತ್ತಿನಲ್ಲೇ ತೆರೆದೆ. ಕಾಗದ ಓದುವ ಮುಂಚೆ ಡಬ್ಬಿ ತೆರೆಯುವವಳು ನಾನು, ಅದು ನಿನಗೆ ಗೊತ್ತಿರಬೇಕಿತ್ತು. ನಮ್ಮ ಬಣ್ಣದ ಅಂಗಡಿಗೆ ಬಂದಿರುವ ಬಣ್ಣ ಬೆರೆಸುವ ಯಂತ್ರ ನಡೆಸುತ್ತಾಳಲ್ಲ, ಆ ಹುಡುಗಿ ಕುರ್ಚಿ ಹತ್ತಿ ನಿಂತಳು. "ಸತ್ತಿದೆ ಕಣೆ" ಅಂದರೆ "ಸತ್ತಿದ್ರೆ ಇನ್ನೂ ಭಯ ಅಕ್ಕಾ" ಅಂತಾಳೆ.

ಕಪ್ಪು ಸಲೀಸಾಗಿ ಬಂತು. ನಿನ್ನ ಹುಲ್ಲಿನ ಬಣ್ಣ ಮಾತ್ರ ತಲೆ ತಿಂದಿತು. ದೂರದಿಂದ ಬರೀ ಮಾಸಲು ಹಳದಿ. ಹತ್ತಿರ ಹಿಡಿದರೆ ಅದರಲ್ಲಿ ಬೂದಿಯಿದೆ, ಒಂಚೂರು ಕೆಂಪಿದೆ, ಹಸಿರು ಇತ್ತೇನೋ ಎನ್ನುವ ಹಾಗೊಂದು ಅನುಮಾನವಿದೆ. ಮಳೆ ಬಿದ್ದ ಗೋಣಿಚೀಲ ಒಣಗಿದ ಮೇಲೆ ಇರುತ್ತದಲ್ಲ, ಹಾಗೆ. ಎಷ್ಟು ಸಲ ಬೆರೆಸಿ ಚೆಲ್ಲಿದೆನೋ. ಕೊನೆಗೆ ಮಿಡತೆಯ ಬೆನ್ನ ಮೇಲೆ ಒಂದು ಚುಕ್ಕೆ ಇಟ್ಟರೆ ಚುಕ್ಕೆಯೇ ಕಾಣಲಿಲ್ಲ. ಆಗ ನಿಲ್ಲಿಸಿದೆ. ಎರಡೂ ಸೀಸೆಯ ಮುಚ್ಚಳ ಬಿಗಿ ಮಾಡಿದ್ದು ನಿಮ್ಮಣ್ಣ, ತೆರೆಯಲು ಬರದಿದ್ದರೆ ಅವರನ್ನೇ ಬಯ್ಯಿ.

ಒಂದು ಅನುಮಾನ. ಸುಟ್ಟ ನೆಲ ನೋಡಿ ಮಿಡತೆಗಳು ಕಪ್ಪಾದವು ಅಂತೀಯಲ್ಲ, ಹೆದರಿ ಕಪ್ಪಾದವಾ, ಮಸಿ ಮೆತ್ತಿಕೊಂಡು ಕಪ್ಪಾದವಾ? ಎಷ್ಟು ದಿನ ಹಿಡಿಯುತ್ತದೆ? ನಿಮ್ಮಣ್ಣ ನಿನ್ನೆ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಡುನೀಲಿ ಕಾಲುಚೀಲ ಹಾಕಿಕೊಂಡು ಆಫೀಸಿಗೆ ಹೋಗಿ ನಗೆಪಾಟಲಾಗಿ ಬಂದರು. ಜೋಡಿ ಮಾಡಿಟ್ಟದ್ದು ನಾನೇ ಅಂತ ನನ್ನ ಮೇಲೆ ಗೂಬೆ ಕೂರಿಸುತ್ತಿದ್ದಾರೆ. ಹಾಕಿಕೊಳ್ಳುವವರಿಗೆ ಕಣ್ಣು ಬೇಡವಾ?

ಅಕ್ಷರ ಯಾಕಿಷ್ಟು ದಪ್ಪ ಅಂತ ಕೇಳಬೇಡ. ಹೊಸ ಪೆನ್ನು.

ಅತ್ತಿಗೆ

ಮಾರ್ಚ್ 2

ಅತ್ತಿಗೆ,

ಪೆನ್ನಲ್ಲ, ಪೊರಕೆಯಲ್ಲಿ ಬರೆದ ಹಾಗಿದೆ. ಒಂದು ಪುಟಕ್ಕೆ ನಾಲ್ಕು ಸಾಲು! ಕಾಗದದ ಕಂಪನಿಯವರು ನಿಮಗೆ ಕೈಮುಗಿಯಬೇಕು. ಕಾಲುಚೀಲದ ಕಥೆಗೆ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅಣ್ಣನಿಗೆ ಇನ್ನು ಮೇಲೆ ಒಂದೇ ಬಣ್ಣದ್ದನ್ನು ಕೊಂಡುಕೊಡಿ, ರಗಳೆಯೇ ಇಲ್ಲ.

ಬಣ್ಣ ನೋಡಿ ಕುಣಿದುಬಿಟ್ಟೆ. ಬಳಿಯುವ ಕೆಲಸ ಮುಗಿದಿದೆ. ಚರ್ಮ ಕಳಚುವ ವಯಸ್ಸು ಮುಗಿದ ದೊಡ್ಡವನ್ನೇ ಆರಿಸಿದೆ, ಇಲ್ಲದಿದ್ದರೆ ನಿಮ್ಮ ಬಣ್ಣವನ್ನು ಹಳೆ ಅಂಗಿಯ ಹಾಗೆ ಬಿಚ್ಚಿ ಬಿಸಾಡುತ್ತವೆ. ಕಿಟಕಿ ತೆಗೆದರೆ ಜಿಗಿದು ಹೋಗುತ್ತವೆ. ಹಾಗಾಗಿ ಕಿಟಕಿ ಮುಚ್ಚಿ, ಹಳದಿ ಬಲ್ಬಿನ ಕೆಳಗೆ ಕೂತು, ಒಂದೊಂದನ್ನೇ ಹಿಡಿದು, ಮೂರು ಕೂದಲಿನ ಕುಂಚದಲ್ಲಿ ಬೆನ್ನಿಗೆ ಬಳಿದೆ. ಆ ಬೆಳಕಿನಲ್ಲಿ ಯಾವುದಕ್ಕೆ ಬಳಿದಿದ್ದೇನೆ, ಯಾವುದಕ್ಕಿಲ್ಲ ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಹೊಟ್ಟೆಯಡಿ ಗುರುತು ಹಾಕಬೇಕಾಯಿತು.

ನಿಮ್ಮ ಅನುಮಾನಕ್ಕೆ ಬರುತ್ತೇನೆ. ಒಂದು ಮಿಡತೆಯೂ ಕಪ್ಪಾಗಲಿಲ್ಲ, ಅತ್ತಿಗೆ. ದೊಡ್ಡದಾದ ಮೇಲೆ ಅದರ ಬಣ್ಣ ಸಾಯುವ ತನಕ ಅದೇ. ಅದು ಅಪ್ಪ ಅಮ್ಮನಿಂದ ಬಂದದ್ದು, ನಮ್ಮಣ್ಣನ ಮೂಗಿನ ಹಾಗೆ. ಹುಲ್ಲಿನ ನಡುವೆ ಯಾವಾಗಲೂ ಒಂದೆರಡು ಕಪ್ಪು ಹುಟ್ಟುತ್ತಲೇ ಇದ್ದವು. ಒಣಹುಲ್ಲಿನ ಮೇಲೆ ಕಪ್ಪು ಕೂತರೆ ಎಲ್ಲಿಂದಲೂ ಕಾಣುತ್ತದೆ, ಹಕ್ಕಿ ಮೊದಲು ಅದನ್ನೇ ಎತ್ತುತ್ತಿತ್ತು. ಹಾಗಾಗಿ ಅವು ಎಂದೂ ಹೆಚ್ಚಲಿಲ್ಲ. ಬೆಂಕಿ ಬಿದ್ದ ಮೇಲೆ ಅದೇ ಹಕ್ಕಿ, ಅದೇ ಹಸಿವು, ಆದರೆ ಈಗ ಎದ್ದು ಕಾಣುವುದು ಹುಲ್ಲಿನ ಬಣ್ಣದ್ದು. ಅವು ಹೊಟ್ಟೆ ಸೇರಿದವು. ಕಪ್ಪು ಉಳಿದವು, ಮೊಟ್ಟೆಯಿಟ್ಟವು, ಮರಿಗಳೂ ಹೆಚ್ಚಾಗಿ ಕಪ್ಪಾಗಿಯೇ ಹುಟ್ಟಿದವು. ಯಾವ ಮಿಡತೆಯೂ ಯೋಚನೆ ಮಾಡಿ ಏನೂ ಮಾಡಲಿಲ್ಲ. ಪಾಪ, ಅವುಗಳಿಗೆ ತಮ್ಮ ಬೆನ್ನು ಯಾವ ಬಣ್ಣ ಅಂತಲೂ ಗೊತ್ತಿಲ್ಲ.

ಎಲ್ಲ ಬಿಟ್ಟಾಯಿತು. ಎರಡೂ ಕಡೆ ಸ್ವಲ್ಪ ಜಾಗಕ್ಕೆ ಬಲೆ ಮುಚ್ಚಿದ್ದೇನೆ, ಅಲ್ಲಿ ಹಕ್ಕಿಗೆ ಪ್ರವೇಶವಿಲ್ಲ. ಉಳಿದದ್ದು ಬಯಲು. ಇನ್ನು ದಿನವೂ ಕತ್ತಲಾಗಿ ಅವು ಜಿಗಿಯದೆ ಕೂತ ಮೇಲೆ, ಹಳದಿ ಬೆಳಕಿನ ಟಾರ್ಚು ಹಿಡಿದು ನಡೆದು ಎಷ್ಟು ಉಳಿದಿವೆ ಎಂದು ನೋಡುವುದು. ಅಂಗಡಿಯ ಸುದ್ದಿ ಬರೆಯಿರಿ. ಆ ದರಿದ್ರ ಯಂತ್ರದ ಜೊತೆ ಈ ವಾರ ಎಷ್ಟು ಜಗಳ?

ಹುಳದಮ್ಮ

ಮಾರ್ಚ್ 12

ಹುಳದಮ್ಮ,

ನಿನ್ನ ಕಾಗದವನ್ನು ನಿಮ್ಮಣ್ಣ ಜೋರಾಗಿ ಓದಿದರು, ಮೂಗಿನ ಜಾಗ ಬಂದಾಗ ನುಂಗಿಕೊಂಡರು. ಆಮೇಲೆ ಅವರ ಕೈಯಿಂದ ಕಿತ್ತುಕೊಂಡು ನಾನೇ ಓದಿ ನಕ್ಕೆ.

ನೀನು ಬರೆದದ್ದು ಅರ್ಥವಾಯಿತು. ಆದರೆ ಮನಸ್ಸಿಗೆ ಸ್ವಲ್ಪ ಕಸಿವಿಸಿಯೂ ಆಯಿತು. ಹುಲ್ಲಿನ ಬಣ್ಣದವು ಏನು ತಪ್ಪು ಮಾಡಿದ್ದವು? ನಿನ್ನೆ ಮೊನ್ನೆಯ ತನಕ ಎಲ್ಲ ಸರಿಯಿತ್ತು. ಕಾಲ ಕೆಳಗಿನ ನೆಲದ ಬಣ್ಣ ಬದಲಾಯಿತು, ಅಷ್ಟೇ. ಅದಕ್ಕೆ ಅವು ಹೊಣೆಯಾ?

ಯಂತ್ರದ ಜೊತೆ ಜಗಳವೇನೂ ಇಲ್ಲ. ಅದೂ ಪಾಪ ತನ್ನ ಕೆಲಸ ತಾನು ಮಾಡಿಕೊಂಡು ಹೋಗುತ್ತದೆ. ಆ ಹುಡುಗಿ ಒಳ್ಳೆಯವಳು. ಗಿರಾಕಿ ತಂದ ಚೂರನ್ನು ಯಂತ್ರದ ಕಣ್ಣಿಗೆ ಒಡ್ಡುತ್ತಾಳೆ, ಅದು ಯಾವ ಬಣ್ಣ ಎಷ್ಟು ಹನಿ ಎಂದು ಹೇಳುತ್ತದೆ. ಅವಳು ಊಟಕ್ಕೆ ಹೋದಾಗ ನಾನೂ ಒಂದೆರಡು ಸಲ ಮುಟ್ಟಿ ನೋಡಿದೆ.

ಬೇರೆ ಏನಿಲ್ಲ. ಬೆಳಗಿನ ಬಿಸಿಲಿಗೆ ಹೊರಗೆ ಹೋಗುವಾಗ ಟೋಪಿ ಹಾಕಿಕೊ.

ಅತ್ತಿಗೆ

ಮಾರ್ಚ್ 29

ಅತ್ತಿಗೆ,

ಯಂತ್ರದ ಮೇಲೆ ನಿಮಗೆ ಕನಿಕರ! ಕಾಗದ ಬೇರೆ ಯಾರೋ ಬರೆದದ್ದೇನೋ ಎಂದು ಸಹಿ ನೋಡಿದೆ. ವಯಸ್ಸಾಗುತ್ತಾ ನಮ್ಮ ಅತ್ತಿಗೆ ಮೆದುವಾಗುತ್ತಿದ್ದಾರೆ ಎಂದುಕೊಂಡೆ.

ಇಲ್ಲಿ ಒಂದು ತೊಡಕು. ಸುಟ್ಟ ನೆಲದ ಲೆಕ್ಕ ಚೊಕ್ಕವಾಗಿ ಬರುತ್ತಿದೆ. ಹುಲ್ಲಿನ ಕಡೆಯದು ಎಡವಟ್ಟಾಗಿದೆ. ಹುಲ್ಲಿನ ಬಣ್ಣದ ಮಿಡತೆಗೆ ಹುಲ್ಲಿನ ಬಣ್ಣ ಬಳಿದು ಒಣಹುಲ್ಲಿನ ಮೇಲೆ ಬಿಟ್ಟಿದ್ದೆನಲ್ಲ, ಅವು ನೆಮ್ಮದಿಯಾಗಿ ಇರಬೇಕಿತ್ತು. ಒಂದೊಂದಾಗಿ ಮಾಯವಾಗುತ್ತಿವೆ. ಬಳಿಯದೆ ಬಿಟ್ಟವು ಪಕ್ಕದಲ್ಲೇ ಆರಾಮಾಗಿವೆ. ಅಂದರೆ ಬಣ್ಣವೇ ಏನೋ ಮಾಡುತ್ತಿದೆ. ಅದರಲ್ಲಿ ಅಂಟಿಗೆ ಏನು ಹಾಕಿದ್ದಿರಿ? ಕೆಡದಿರಲಿ ಎಂದು ಔಷಧಿ ಏನಾದರೂ ಹಾಕುತ್ತೀರಾ? ಹುಳಗಳಿಗೆ ಆಗದ್ದು ಏನಾದರೂ ಸೇರಿರಬಹುದೇ? ನಿಮ್ಮ ಮೇಲೆ ಅನುಮಾನವಲ್ಲ, ಕೇಳಲೇಬೇಕಾದದ್ದು ಕೇಳುತ್ತಿದ್ದೇನೆ.

ಹುಳದಮ್ಮ

ಏಪ್ರಿಲ್ 5

ನನ್ನ ಬಣ್ಣದಲ್ಲಿ ವಿಷವಿಲ್ಲ. ನೀರು, ಪುಡಿ, ಮಕ್ಕಳು ಶಾಲೆಯಲ್ಲಿ ಬಳಸುವ ಅಂಟು, ಇಷ್ಟೇ. ಬೇಕಾದರೆ ನಾನೇ ಒಂದು ಚಮಚ ಕುಡಿದು ತೋರಿಸುತ್ತೇನೆ.

ಹೀಗೆ ಸಾಯಿಸುವುದಕ್ಕಾ ನಾನು ಇಡೀ ವಾರ ಬೆರೆಸಿದ್ದು? ಬೇರೆ ಕಡೆಯಿಂದ ತರಿಸಿಕೊ.

ಅತ್ತಿಗೆ

ಏಪ್ರಿಲ್ 14

ನನ್ನ ಅತ್ತಿಗೆ,

ಮುಖ ಊದಿಸಿಕೊಳ್ಳಬೇಡಿ. ವಿಷವಿಲ್ಲ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಬಲೆ ಮುಚ್ಚಿದ ಜಾಗದಲ್ಲಿ ನಿಮ್ಮ ಬಣ್ಣ ಬಳಿದ ಮಿಡತೆಗಳು ಎಲ್ಲವೂ ಬದುಕಿ ಗುಂಡಗುಂಡಗೆ ಕೂತಿವೆ. ಬಲೆಯ ಹೊರಗಿನವು ಮಾತ್ರ ಹೋಗಿವೆ. ಅಂದರೆ ಬಣ್ಣ ಕೊಲ್ಲುತ್ತಿಲ್ಲ, ಹಕ್ಕಿ ತಿನ್ನುತ್ತಿದೆ. ಹಕ್ಕಿ ತಿನ್ನುತ್ತಿದೆ ಎಂದರೆ ಅದಕ್ಕೆ ಕಾಣುತ್ತಿದೆ.

ಅದು ಹೊಳೆದ ಕೂಡಲೇ ಬಲೆಯೊಳಗಿನ ಒಂದನ್ನು ಹಿಡಿದು, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಬಳಿಯದ ಒಂದರ ಪಕ್ಕ ಒಣಹುಲ್ಲಿನ ಮೇಲೆ ಇಟ್ಟೆ. ಬಳಿಯದ್ದು ಹುಲ್ಲಿನಲ್ಲಿ ಕರಗಿಹೋಯಿತು. ಬಳಿದದ್ದು ನೀಲಿ ಕಲಸಿದ ಬೂದಿಯಂತೆ ಎದ್ದು ಕೂತಿತ್ತು. ನಾನು ಇಷ್ಟು ದಿನ ಅದನ್ನು ನೋಡಿದ್ದೆಲ್ಲ ಆ ಹಳದಿ ಬಲ್ಬಿನ ಕೆಳಗೆ, ಇಲ್ಲವೇ ರಾತ್ರಿ ಟಾರ್ಚಿನ ಬೆಳಕಿನಲ್ಲಿ. ಬಿಟ್ಟದ್ದು ಬೆಳಕು ಹರಿಯುವ ಮುಂಚೆ. ನಾನು ಇಲ್ಲಿ ಪ್ರತಿಯೊಂದನ್ನೂ ಎರಡೆರಡು ಸಲ ಪರೀಕ್ಷೆ ಮಾಡುತ್ತೇನೆ, ತಕ್ಕಡಿಯನ್ನೂ, ಬಲೆಯ ಕಣ್ಣನ್ನೂ. ನೀವು ಕಳಿಸಿದ ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಲಿಲ್ಲ. ಅತ್ತಿಗೆಯ ಬಣ್ಣವನ್ನು ಯಾರಾದರೂ ಪರೀಕ್ಷೆ ಮಾಡುತ್ತಾರಾ?

ಆಮೇಲೆ ಹುಲ್ಲಿನ ಮೇಲೇ ಕೂತು ನಿಮ್ಮ ಕಾಗದಗಳನ್ನೆಲ್ಲ ನೆನೆಸಿಕೊಂಡೆ. ದಪ್ಪ ಅಕ್ಷರ. ಕಪ್ಪು ಕಾಲುಚೀಲ, ನೀಲಿ ಕಾಲುಚೀಲ. ನಾನು ನಕ್ಕುಬಿಟ್ಟೆ, ಅತ್ತಿಗೆ. ನಗುವ ವಿಷಯವಾಗಿರಲಿಲ್ಲ.

ನಿಮ್ಮ ಕಣ್ಣಿಗೆ ಏನಾಗಿದೆ? ಎಷ್ಟು ದಿನದಿಂದ? ಅಣ್ಣನಿಗೆ ಗೊತ್ತಾ? ನನ್ನ ಮಿಡತೆಗಳು ಹಾಳಾಗಿ ಹೋಗಲಿ. ನನಗೆ ನಿಮ್ಮ ಕಣ್ಣು ಬೇಕು. ನಾಳೆಯೇ ಡಾಕ್ಟರ ಹತ್ತಿರ ಹೋಗಿ.

ನಿಮ್ಮವಳು

ಏಪ್ರಿಲ್ 27

ಅತ್ತಿಗೆ,

ವ್ಯಾನು ಎರಡು ಸಲ ಬಂದು ಹೋಯಿತು. ಸಕ್ಕರೆ ಬಂತು, ಸೀಮೆಎಣ್ಣೆ ಬಂತು, ನಿಮ್ಮ ಕಾಗದ ಬರಲಿಲ್ಲ. ಬಯ್ದಾದರೂ ಬರೆಯಿರಿ. ನಾನು ಹಾಗೆ ನೇರವಾಗಿ ಬರೆಯಬಾರದಿತ್ತೇನೋ. ಬರೆಯದೆ ಇರಲೂ ಆಗುತ್ತಿರಲಿಲ್ಲ.

ಮೇ 11

ಹುಳದಮ್ಮ,

ಇದನ್ನು ಬರೆಯುತ್ತಿರುವುದು ಎಡಗಣ್ಣು. ಬಲಗಣ್ಣಿಗೆ ರಜೆ ಕೊಟ್ಟಿದ್ದೇನೆ. ಅಕ್ಷರ ನೋಡು, ಪೊರಕೆ ಹೋಗಿ ಸೂಜಿ ಬಂದಿದೆ.

ನಿನ್ನ ಕಾಗದ ಬಂದ ದಿನ ಸಿಟ್ಟು ನೆತ್ತಿಗೇರಿತ್ತು. ಹರಿದು ಹಾಕಬೇಕು ಎಂದುಕೊಂಡು ಹರಿಯದೆ ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ. ಮಾರನೆಯ ದಿನ ನಿಮ್ಮಣ್ಣನ ಕೈಗೆ ಸಿಕ್ಕಿತು. ಅವರಿಗೆ ಸಿಟ್ಟು ಬಂದದ್ದನ್ನು ಮದುವೆಯಾದಾಗಿನಿಂದ ನಾನು ನೋಡಿಲ್ಲ. ಅವತ್ತು ನೋಡಿದೆ. ನೇರ ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋಗಿ, ಡಾಕ್ಟರ ಮೇಜಿನ ಮೇಲೆ ಆ ಎರಡು ಕಾಲುಚೀಲ ಇಟ್ಟು, "ಇದೇ ನೋಡಿ ಸಾರ್ ಕಾಯಿಲೆ" ಅಂದರು. ಡಾಕ್ಟರೂ ಅದನ್ನು ಕೈಯಲ್ಲಿ ಹಿಡಿದು ಗಂಭೀರವಾಗಿ ನೋಡಿದರು ಕಣೆ.

ಎರಡೂ ಕಣ್ಣಿಗೆ ಪೊರೆ ಬೆಳೆದಿದೆಯಂತೆ. ಹಳೆಯ ಗಾಜಿನ ಹಾಗೆ ಹಳದಿಯಾಗಿದೆಯಂತೆ, ಅದರೊಳಗಿಂದ ನೋಡಿದರೆ ನೀಲಿ ಸರಿಯಾಗಿ ಒಳಗೆ ಬರುವುದೇ ಇಲ್ಲವಂತೆ. ನಿನ್ನ ಹುಲ್ಲಿನ ಬಣ್ಣಕ್ಕೆ ನಾನು ನೀಲಿ ಸುರಿದಿದ್ದೇನೆ, ನನಗೆ ಕಂಡಿಲ್ಲ.

ಈಗ ಎಲ್ಲ ಹೇಳಿಬಿಡುತ್ತೇನೆ. ಒಂದು ವರ್ಷದಿಂದ ಗೊತ್ತಿತ್ತು. ಗಿರಾಕಿಯೊಬ್ಬರು ಬೀರುವಿನ ಬಾಗಿಲ ಚೂರು ತಂದಿದ್ದರು. ಬೆರೆಸಿ ಕೊಟ್ಟೆ. "ಇದು ನನ್ನ ಬಾಗಿಲಿನ ಬಣ್ಣ ಅಲ್ವಲ್ಲ ತಾಯಿ" ಅಂದರು. ಅಂಗಡಿ ಮಾಲೀಕರು ನಕ್ಕು ಯಂತ್ರದಲ್ಲಿ ಮಾಡಿಸಿ ಕೊಟ್ಟರು. ಅವತ್ತಿನಿಂದ ನಾನು, ಆ ಹುಡುಗಿ ಊಟಕ್ಕೆ ಹೋದಾಗ ಕದ್ದು ಯಂತ್ರಕ್ಕೆ ಒಡ್ಡಿ, ಹನಿಗಳನ್ನು ಬಾಯಿಪಾಠ ಮಾಡಿಕೊಂಡು, ಕಣ್ಣಲ್ಲೇ ಬೆರೆಸಿದ ಹಾಗೆ ನಾಟಕ ಆಡುತ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ. ನಿನ್ನದನ್ನು ಮಾತ್ರ ಯಂತ್ರಕ್ಕೆ ಒಡ್ಡಲು ಮನಸ್ಸಾಗಲಿಲ್ಲ. ನೀನು ಕೇಳಿದ್ದು ನನ್ನ ಕಣ್ಣನ್ನು. ನಿನಗೆ ಕದ್ದ ಬಣ್ಣ ಕಳಿಸುವುದಾ ಎಂದು ಕಿಟಕಿಯ ಹತ್ತಿರ ಕೂತು ಕೈಯಲ್ಲೇ ಬೆರೆಸಿದೆ. ಅದೊಂದೇ ಕೆಟ್ಟಿತು ನೋಡು.

ನಿನ್ನಿಂದ ಯಾಕೆ ಮುಚ್ಚಿಟ್ಟೆ ಅಂತ ಕೇಳುತ್ತೀಯ. ಅಂಗಡಿಯಲ್ಲಿ ಈಗ ಎಲ್ಲರೂ ಯಂತ್ರವನ್ನೇ ನಂಬುತ್ತಾರೆ. ನನ್ನ ಕಣ್ಣನ್ನು ನಂಬುವವಳು ನೀನೊಬ್ಬಳು ಉಳಿದಿದ್ದೆ. ಅದನ್ನೂ ಕಳೆದುಕೊಳ್ಳಲು ಧೈರ್ಯವಾಗಲಿಲ್ಲ.

ಎಡಗಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ನರ್ಸಿನ ಬಟ್ಟೆ ನೋಡಿ ಕಣ್ಣು ಕುಕ್ಕಿತು. ಇಷ್ಟು ಬಿಳಿ ಲೋಕದಲ್ಲಿ ಇದೆ ಎನ್ನುವುದೇ ಮರೆತುಹೋಗಿತ್ತು. ಮನೆಗೆ ಬಂದು ಕನ್ನಡಿ ನೋಡಿದರೆ ನನ್ನ ತಲೆ ಅರ್ಧ ನರೆತಿದೆ. ಒಬ್ಬರಾದರೂ ಹೇಳಬಾರದಾ? ಬೀದಿಯಲ್ಲಿ ನಡೆದು ಹೋದರೆ ನಾನು ಯಂತ್ರ ಹಿಡಿಯುವ ಮುಂಚೆ ಬಣ್ಣ ಹೊಂದಿಸಿ ಕೊಟ್ಟ ಬಾಗಿಲುಗಳು. ಕ್ಷೌರದಂಗಡಿಯ ಬಾಗಿಲಿನ ಒಂದು ಕದ ಕೆನೆ, ಇನ್ನೊಂದು ಕದ ತಿಳಿನೀಲಿ! ಪುಣ್ಯಾತ್ಮ ದಿನಾ ಅದನ್ನು ತೆರೆದು ಮುಚ್ಚಿ ಮಾಡುತ್ತಾನೆ, ಒಂದು ಮಾತು ಆಡಿಲ್ಲ.

ಮಾಲೀಕರಿಗೂ ಹೇಳಿದೆ. ಕೆಲಸದಿಂದ ತೆಗೆಯಲಿಲ್ಲ. ಮುಂದಿನ ಮೇಜಿನಲ್ಲಿ ಕೂತು ಗಿರಾಕಿಗಳಿಗೆ ಬಣ್ಣದ ಹಾಳೆ ತೋರಿಸು ಎಂದಿದ್ದಾರೆ. ಒಳ್ಳೆಯ ಮನುಷ್ಯ. ಆದರೂ ಮನೆಗೆ ಬಂದು ಅತ್ತೆ.

ನಿನ್ನ ಕೆಲಸ ಕೆಡಿಸಿದೆ. ಹೊಟ್ಟೆಗೆ ಹಾಕಿಕೊ.

ಅತ್ತಿಗೆ

ಮೇ 20

ಅತ್ತಿಗೆ,

ವ್ಯಾನಿನ ಪಕ್ಕದಲ್ಲೇ ನಿಂತು ಓದಿದೆ. ಕಾಲುಚೀಲದ ಜಾಗದಲ್ಲಿ ನಕ್ಕೆ, ಮುಂದೆ ಅತ್ತೆ. ವ್ಯಾನಿನವರು "ಮನೇಲಿ ಎಲ್ಲ ಸೌಖ್ಯನಾ?" ಅಂದರು. "ತುಂಬಾ" ಅಂದೆ. ಅವರು ನನ್ನ ಕಣ್ಣೀರು ನೋಡಿ ಸಕ್ಕರೆ ಚೀಲವನ್ನು ತಾವೇ ಒಳಗಿಟ್ಟು ಹೋದರು.

ಹೊಟ್ಟೆಗೆ ಹಾಕಿಕೊಳ್ಳುವುದು ಏನಿದೆ? ಪರೀಕ್ಷೆ ಮಾಡದೆ ಬಳಿದದ್ದು ನಾನು. ಇಷ್ಟಕ್ಕೂ ಹಕ್ಕಿಗೆ ನಮಗಿಂತ ಸೂಕ್ಷ್ಮವಾಗಿ ಬಣ್ಣ ಕಾಣುತ್ತದೆ, ಅದರಲ್ಲೂ ನೀಲಿಯ ಕಡೆಗೆ. ನಿಮ್ಮ ತಪ್ಪನ್ನು ಹಿಡಿಯಲು ಅಷ್ಟು ದೊಡ್ಡ ಕಣ್ಣೇ ಬೇಕಾಯಿತು ಅಂದುಕೊಳ್ಳಿ. ಅವು ಹಿಡಿಯದಿದ್ದರೆ ನೀವು ಇನ್ನೂ ಎಷ್ಟು ವರ್ಷ ಊಟದ ಹೊತ್ತಿನಲ್ಲಿ ಕದಿಯುತ್ತಿದ್ದಿರೋ.

ಬಲಗಣ್ಣಿಗೆ ಯಾವಾಗ? ಅದನ್ನು ನೀವು ಬರೆದೇ ಇಲ್ಲ.

ಇಲ್ಲಿಯದು ಮುಚ್ಚಿಡುವುದಿಲ್ಲ, ನೀವೂ ಎಲ್ಲ ಹೇಳಿದಿರಿ. ಆ ಒಂದು ಲೆಕ್ಕ ಸರಿಯಾಗದೆ ಉಳಿದದ್ದಕ್ಕೆ ಬೆಲೆಯಿಲ್ಲ ಎಂದಿದ್ದಾರೆ ಗುರುಗಳು. ಮಳೆ ಬಂದು ಬಯಲು ಹಸಿರಾಗುವ ಮುಂಚೆ ಹುಲ್ಲಿನ ಕಡೆಯದನ್ನು ಇನ್ನೊಮ್ಮೆ ಮಾಡಲು ಸಮಯವಿದೆ, ಸ್ವಲ್ಪವೇ ಇದೆ. ನಿಮಗೆ ಕಷ್ಟವಾದರೆ ಆ ಹುಡುಗಿಯ ಕೈಯಲ್ಲಿ ಯಂತ್ರದಲ್ಲೇ ಮಾಡಿಸಿ ಕಳಿಸಿ, ನನಗೆ ಬೇಜಾರಿಲ್ಲ. ನಿಮ್ಮ ಕಣ್ಣು ಆಯಾಸಪಡುವುದು ಬೇಡ.

ಬಲಗಣ್ಣು ಯಾವಾಗ?

ಹುಳದಮ್ಮ

ಮೇ 30

ಹುಳದಮ್ಮ,

ಇದರ ಜೊತೆ ಎರಡು ಸೀಸೆ ಇವೆ. ಒಂದಕ್ಕೆ ಕೆಂಪು ಮುಚ್ಚಳ, ಒಂದಕ್ಕೆ ಬಿಳಿ. ಎರಡೂ ಒಣಹುಲ್ಲಿನ ಬಣ್ಣ. ಎರಡೂ ಬೇರೆ ಬೇರೆ ಕಣ್ಣಿನವು, ಯಾವುದು ಯಾವುದರದು ಅಂತ ಹೇಳುವುದಿಲ್ಲ, ನೀನೂ ಕೇಳಬೇಡ. ಬಿಸಿಲಿಗೆ ಹಿಡಿದು ನೋಡಲೂಬೇಡ, ನೋಡಿದರೆ ನಿನಗೆ ಪಕ್ಷಪಾತ ಬರುತ್ತದೆ. ಅದೇ ಹಳದಿ ಬಲ್ಬಿನ ಕೆಳಗೆ ಬಳಿ. ಅರ್ಧ ಮಿಡತೆಗೆ ಇದು, ಅರ್ಧಕ್ಕೆ ಅದು. ನಿನ್ನ ಹಕ್ಕಿಗಳೇ ಹೇಳಲಿ.

ಬಲಗಣ್ಣು ಚೆನ್ನಾಗಿಯೇ ಇದೆ. ಅದರಲ್ಲಿ ಅಕ್ಷರ ಓದುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ. ಡಾಕ್ಟರು ಕರೆಯುತ್ತಲೇ ಇದ್ದಾರೆ, ಅವರಿಗೇನು, ಅದೇ ಕೆಲಸ. ನೋಡೋಣ.

ನಿಮ್ಮಣ್ಣ ಇನ್ನು ಮೇಲೆ ಬರೀ ಕಪ್ಪು ಕಾಲುಚೀಲ ಅಂತ ತೀರ್ಮಾನ ಮಾಡಿದ್ದಾರೆ.

ಅತ್ತಿಗೆ

ಜೂನ್ 22

ಅತ್ತಿಗೆ,

ನೀವು ಹೇಳಿದ ಹಾಗೇ ಮಾಡಿದೆ, ಒಂದು ಸಲವೂ ಇಣುಕಿ ನೋಡಲಿಲ್ಲ. ಎಷ್ಟು ಕಷ್ಟವಾಯಿತು ಗೊತ್ತಾ? ಸೀಸೆಗಳನ್ನು ಶಾಲಿನಲ್ಲಿ ಸುತ್ತಿ ಇಟ್ಟಿದ್ದೆ. ರಾತ್ರಿ ಬಯಲಿನಲ್ಲಿ ಟಾರ್ಚಿಗೆ ಕಂಡವನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಬಂದು ಬಲ್ಬಿನ ಕೆಳಗೇ ಹೊಟ್ಟೆಯಡಿಯ ಗುರುತು ನೋಡಿದೆ.

ಕೇಳಿ. ಬಿಳಿ ಮುಚ್ಚಳದ ಬಣ್ಣ ಬಳಿದವನ್ನು ಹಕ್ಕಿಗಳು ಮೊದಲಿನ ಹಾಗೇ ಹೆಕ್ಕಿಕೊಂಡು ಹೋದವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಕೆಲವೇ ಸಿಕ್ಕಿದವು. ಕೆಂಪು ಮುಚ್ಚಳದವು ಬಳಿಯದೆ ಬಿಟ್ಟವುಗಳಷ್ಟೇ ಉಳಿದಿವೆ. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹಕ್ಕಿಗಳಿಗೆ ಗೊತ್ತಾಗಲಿಲ್ಲ, ಅತ್ತಿಗೆ. ಯಾವುದಕ್ಕೆ ಬಣ್ಣ ಬಳಿದಿದೆ, ಯಾವುದು ಹುಟ್ಟಿದಾಗಿನ ಬಣ್ಣ ಅಂತ ಅವುಗಳಿಗೆ ಗೊತ್ತಾಗಲೇ ಇಲ್ಲ!

ನನ್ನ ಲೆಕ್ಕ ನಿಂತಿತು. ಗುರುಗಳಿಗೆ ಬರೆದಿದ್ದೇನೆ. ಮಳೆ ಶುರುವಾಗಿದೆ. ಸುಟ್ಟ ಕಡೆಯೂ ಅಲ್ಲಲ್ಲಿ ಹುಲ್ಲು ಎದ್ದಿದೆ, ಅಲ್ಲಿ ಹುಲ್ಲಿನ ಬಣ್ಣದವು ಮತ್ತೆ ಕಾಣಿಸಿಕೊಳ್ಳುತ್ತಿವೆ. ನೀವು ಕೇಳಿದ್ದಿರಲ್ಲ, ಅವು ಏನು ತಪ್ಪು ಮಾಡಿದ್ದವು ಅಂತ. ಏನೂ ಮಾಡಿರಲಿಲ್ಲ. ಅವುಗಳ ಕಾಲವೂ ಬರುತ್ತದೆ, ಪೂರ್ತಿ ಅಳಿದಿರಲಿಲ್ಲ.

ಈಗ ಹೇಳಿ, ಯಾವುದು ಯಂತ್ರದ್ದು? ಕೆಂಪು ನಿಮ್ಮದು ಅಂತ ಪಣ ಕಟ್ಟುತ್ತೇನೆ. ಅಲ್ಲದಿದ್ದರೂ ನೀವು ನನ್ನ ಅತ್ತಿಗೆಯೇ, ಯಂತ್ರವನ್ನೇನೂ ನಾನು ಅತ್ತಿಗೆ ಎಂದು ಕರೆಯುವುದಿಲ್ಲ.

ಹುಳದಮ್ಮ

ಜೂನ್ 29

ಹುಳದಮ್ಮ,

ಯಂತ್ರದ್ದು ಯಾವುದೂ ಅಲ್ಲ. ಎರಡೂ ನನ್ನವೇ.

ಕೆಂಪು ಮುಚ್ಚಳದ್ದನ್ನು ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಡಗಣ್ಣಿನಲ್ಲಿ ಬೆರೆಸಿದೆ. ಬಿಳಿಯದನ್ನು ಎಡಗಣ್ಣಿಗೆ ಕಟ್ಟಿಕೊಂಡು ಬಲಗಣ್ಣಿನಲ್ಲಿ. ಅಡುಗೆಮನೆಯಲ್ಲಿ ಹೀಗೆ ಕೂತದ್ದನ್ನು ನೋಡಿ ನಿಮ್ಮಣ್ಣ "ಏನೇ ಇದು, ಕಣ್ಣಾಮುಚ್ಚಾಲೆ ಒಬ್ಬಳೇ ಆಡ್ತಿದ್ದೀಯಾ?" ಅಂದರು.

ಬಲಗಣ್ಣು ಬೇಡ ಅಂತ ಹಟ ಹಿಡಿದಿದ್ದೆ, ನೋವಿಗೆ ಹೆದರಿ ಅಲ್ಲ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರೆ ನಮ್ಮ ಮನೆ ನನಗೆ ಗೊತ್ತಿರುವ ಮನೆ. ಗೋಡೆಯ ಮೇಲೆ ಯಾವಾಗಲೂ ಸಂಜೆಯ ಬಿಸಿಲು ಬಿದ್ದ ಹಾಗೆ ಇರುತ್ತದೆ. ಹೊಸ ಕಣ್ಣಲ್ಲಿ ಎಲ್ಲವೂ ತೊಳೆದಿಟ್ಟ ಪಾತ್ರೆಯ ಹಾಗೆ, ಚೆಂದ, ಆದರೆ ಬೇರೆ ಯಾರದೋ ಮನೆ. ಹಳೆಯದು ಒಂದಾದರೂ ಇರಲಿ, ಅದೂ ಅಷ್ಟೇನೂ ಕೆಟ್ಟಿಲ್ಲ ಎಂದು ನನ್ನನ್ನೇ ನಂಬಿಸಿಕೊಂಡಿದ್ದೆ.

ಯಾರನ್ನು ಕೇಳುವುದು? ನಿಮ್ಮಣ್ಣ ನನ್ನ ಮುಖ ಬಾಡಬಾರದು ಎಂದು ಏನು ಬೇಕಾದರೂ ಹೇಳುತ್ತಾರೆ. ಡಾಕ್ಟರು ಕತ್ತರಿ ಹಿಡಿದೇ ಕೂತಿದ್ದಾರೆ. ನೀನು ಕೆಂಪೇ ಅತ್ತಿಗೆಯದು ಎಂದು ಪಣ ಕಟ್ಟುವವಳು. ಉಳಿದದ್ದು ಹಕ್ಕಿಗಳು. ಅವುಗಳಿಗೆ ನನ್ನ ಮೇಲೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ, ಬರೀ ಹಸಿವು. ಅದಕ್ಕೇ ಅವನ್ನು ಕೇಳಿದೆ. ಹೇಳಿಬಿಟ್ಟವು.

ಗುರುವಾರ ಬಲಗಣ್ಣಿಗೆ ಆಪರೇಷನ್. ನಿನ್ನ ಕಾಗದ ಓದಿದ ಕೂಡಲೇ ದಿನ ಗೊತ್ತುಮಾಡಿಸಿದೆ. ಎಡಗಣ್ಣಿನ ಬಣ್ಣ ಹಕ್ಕಿಗೂ ಗೊತ್ತಾಗಲಿಲ್ಲವಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ಮಾಲೀಕರಿಗೂ ಓದಿ ಹೇಳಿದೆ, ಅವರಿಗೆ ಅರ್ಥವಾಗಲಿಲ್ಲ, ಹೋಗಲಿ ಬಿಡು.

ಇವತ್ತು ಊಟವಾದ ಮೇಲೆ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು, ಬಲಗಣ್ಣೊಂದರಲ್ಲೇ ನಿಮ್ಮಣ್ಣನನ್ನು ತುಂಬಾ ಹೊತ್ತು ನೋಡಿದೆ. ಅವರು ಪೇಪರು ಕೆಳಗಿಟ್ಟು "ಏನೇ, ಹಾಗೆ ನೋಡ್ತೀಯ?" ಅಂದರು.

"ಏನಿಲ್ಲ. ಈ ಕಣ್ಣಿಗೆ ನೀವು ಸ್ವಲ್ಪ ಚೆನ್ನಾಗಿ ಕಾಣ್ತೀರಿ, ಅದಕ್ಕೆ" ಅಂದೆ.

ಅವರು ಎದ್ದು ಕನ್ನಡಿಯ ಹತ್ತಿರ ಹೋದರು. ನಾನು ಅಂಗೈ ತೆಗೆಯಲಿಲ್ಲ.

ನಿನ್ನ ಅತ್ತಿಗೆ